ಮಾತು ಬಿಟ್ಟವರ ಜೋಡಿ ಕಯಾಕ್

ಕ್ಲೆಮೆ ತನ್ನ ಹೆಂಡತಿಯ ತಮ್ಮ ಲೋವ್ರೆಯ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷವೂ ಪ್ರತಿ ನವೆಂಬರಿನಲ್ಲಿ ಇಬ್ಬರೂ ಒಂದೇ ಕಯಾಕಿನಲ್ಲಿ, ಒಬ್ಬನ ಬೆನ್ನ ಹಿಂದೆ ಒಬ್ಬ ಕೂತು, ಹುಟ್ಟು ಹಾಕಿಕೊಂಡು ಸೂಹಾ ದ್ವೀಪಕ್ಕೆ ಹೋಗಿ, ಒಂದೇ ಟೆಂಟಿನಲ್ಲಿ ಮಲಗಿ ಬರುತ್ತಿದ್ದರು. ನಮ್ಮೂರಿನವರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ನಮ್ಮ ದಲ್ಮಾತಿಯ ಕರಾವಳಿಯಲ್ಲಿ ಮಾತು ಬಿಡುವುದು ಬೇರೆ, ಜೊತೆ ಬಿಡುವುದು ಬೇರೆ.

ಜಗಳಕ್ಕೆ ಕಾರಣ ಗಾಳಿ. ಲೋವ್ರೆ ಬಂದರಿನ ಡೀಸೆಲ್ ಬಂಕಿನಲ್ಲಿದ್ದ. ಡೀಸೆಲ್ ಹಾಕಿಸಿಕೊಂಡವರಿಗೆಲ್ಲ ಆ ದಿನದ ಗಾಳಿಯ ವಿಚಾರವನ್ನೂ ಪುಕ್ಕಟೆಯಾಗಿ ಹೇಳಿ ಕಳಿಸುತ್ತಿದ್ದ. ಕ್ಲೆಮೆ ಪಕ್ಕದ ಅಂಗಳದಲ್ಲಿ ದೋಣಿಗಳ ತಳ ಕೆರೆದು, ಒಡಕು ಮುಚ್ಚಿ, ಬಣ್ಣ ಬಳಿಯುವವನು. ಒಂದು ಬೆಳಿಗ್ಗೆ ಜರ್ಮನಿಯವನೊಬ್ಬ ಹಾಯಿದೋಣಿ ತಂದು ನಿಲ್ಲಿಸಿ, ಇವತ್ತು ಹೊರಡಬಹುದೇ ಎಂದು ಕೇಳಿದ. ಮಧ್ಯಾಹ್ನಕ್ಕೆ ಜೂಗೊ ಏಳುತ್ತೆ, ತೆಂಕಣ ಗಾಳಿ, ಹೊರಡಬೇಡಿ ಎಂದು ಲೋವ್ರೆ ಹೇಳಿದ. ಏಣಿಯ ಮೇಲಿದ್ದ ಕ್ಲೆಮೆ ಕುಂಚವನ್ನೂ ಕೆಳಗಿಡದೆ, "ಯಾವ ಗಾಳೀನೂ ಏಳಲ್ಲ, ಹೋಗ್ರಿ" ಅಂದ. ಜರ್ಮನಿಯವನು ಇಬ್ಬರನ್ನೂ ನೋಡಿದ. ಕೈಯಲ್ಲಿ ಕೆಲಸ ಹಿಡಿದಿರುವವನ ಮಾತು ನಂಬುವುದು ಆ ದೇಶದವರ ಅಭ್ಯಾಸ. ಹೊರಟುಹೋದ.

ಮಧ್ಯಾಹ್ನ ಒಂದು ಗಾಳಿ ಬಂತು. ಜೂಗೊ ಅನ್ನುವಷ್ಟು ಜೋರಿರಲಿಲ್ಲ, ಗಾಳಿಯೇ ಇಲ್ಲ ಅನ್ನುವಷ್ಟು ಮೆತ್ತಗೂ ಇರಲಿಲ್ಲ. ದಿಕ್ಕು ಕೂಡ ತೆಂಕಣಕ್ಕೂ ಪಡುವಣಕ್ಕೂ ನಡುವೆ ಎಲ್ಲೋ ಇತ್ತು. ಸಂಜೆ ದಕ್ಕೆಯ ಮೇಲೆ ಇಬ್ಬರೂ ತಮ್ಮದೇ ಸರಿ ಎಂದರು. ಜೀವಮಾನವೆಲ್ಲ ದೋಣಿಯ ಅಂಡು ನೋಡಿಕೊಂಡಿದ್ದವನಿಗೆ ಆಕಾಶದ ಮಾತು ಯಾಕೆ ಎಂದು ಲೋವ್ರೆ ಕೇಳಿದ. ಡೀಸೆಲ್ ವಾಸನೆ ತಲೆಗೇರಿದವನ ಹತ್ತಿರ ಏನು ಮಾತು ಎಂದು ಕ್ಲೆಮೆ ಹೇಳಿದ. ಅಲ್ಲಿಗೆ ಮುಗಿಯಿತು. ಜರ್ಮನಿಯವನು ಸುಖವಾಗಿ ವಾಪಸು ಬಂದು ಇಬ್ಬರಿಗೂ ಬಿಯರ್ ಕೊಡಿಸಿದ. ಇಬ್ಬರೂ ಕುಡಿದರು, ಬೇರೆ ಬೇರೆ ಮೇಜಿನಲ್ಲಿ.

ಆಮೇಲಿನ ಭಾರವೆಲ್ಲ ಟೊಂಕಾಳ ಮೇಲೆ ಬಿತ್ತು. ಟೊಂಕಾ ಕ್ಲೆಮೆಯ ಹೆಂಡತಿ, ಲೋವ್ರೆಯ ಅಕ್ಕ. ಮದುವೆ ಮಾಡಿಕೊಳ್ಳದ ಲೋವ್ರೆ ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುವವನು. ಮಾತು ಬಿಟ್ಟ ಮಾತ್ರಕ್ಕೆ ಊಟ ಬಿಡುವುದುಂಟೇ? ಭಾನುವಾರ ಮೀನಿನ ಸಾರು ಮಾಡುವುದು ಕ್ಲೆಮೆಯ ಪಾಲಿನ ಕೆಲಸ. ಒಂದು ಚಮಚ ಬಾಯಿಗಿಟ್ಟುಕೊಂಡು ಲೋವ್ರೆ ಹೇಳುವನು: "ಅಕ್ಕಾ, ಅವನಿಗೆ ಹೇಳು, ಉಪ್ಪು ಕಡಿಮೆ."

"ಉಪ್ಪು ಕಡಿಮೆಯಂತೆ," ಎಂದು ಟೊಂಕಾ ಗಂಡನಿಗೆ ಹೇಳುವಳು. ಗಂಡ ಅವಳ ಎಡಗೈಯ ಕಡೆ ಕೂತಿರುತ್ತಿದ್ದ, ತಮ್ಮ ಬಲಗೈಯ ಕಡೆ.

"ಉಪ್ಪಿನ ಡಬ್ಬಿ ಅವನ ಮೂಗಿನ ಕೆಳಗೇ ಇದೆ ಅಂತ ಹೇಳು."

"ಮೂಗಿನ ಕೆಳಗೇ ಇದೆಯಂತೆ ಕಣೋ."

ಅವಳು ಒಂದು ಅಕ್ಷರ ಕೂಡಿಸುತ್ತಿರಲಿಲ್ಲ, ಒಂದು ಅಕ್ಷರ ಕಳೆಯುತ್ತಿರಲಿಲ್ಲ. ಊರಿನ ಅಂಚೆ ಕಚೇರಿ ಬೇಸಿಗೆ ಮುಗಿದರೆ ವಾರಕ್ಕೆ ಮೂರು ದಿನ ಮಾತ್ರ ತೆರೆದಿರುತ್ತದೆ. ಟೊಂಕಾಳಿಗೆ ಆ ಭಾಗ್ಯವೂ ಇರಲಿಲ್ಲ.

ಒಂದೇ ಒಂದು ಕಡೆ ಅವಳ ನೆರವು ಬೇಕಾಗುತ್ತಿರಲಿಲ್ಲ. ಅದು ಇಸ್ಪೀಟು. ನಮ್ಮಲ್ಲಿ ನಾಲ್ಕು ಜನ ಆಡುವ ತ್ರೆಶೆಟಾ ಆಟದಲ್ಲಿ ಎದುರುಬದುರು ಕೂತವರು ಜೊತೆ, ಮತ್ತು ಆಡುವಾಗ ಬಾಯಿ ಬಿಡುವಂತಿಲ್ಲ. ಬೇಕಾದ್ದನ್ನು ಸನ್ನೆಯಲ್ಲೇ ಕೇಳಬೇಕು. ಎಲೆ ಇಟ್ಟು ಗೆಣ್ಣಿನಿಂದ ಮೇಜು ತಟ್ಟಿದರೆ, ನಿನ್ನ ಕೈಯಲ್ಲಿರುವ ದೊಡ್ಡ ಎಲೆ ಹಾಕು ಎಂದರ್ಥ. ತಟ್ಟಿದ ಮೇಲೆ ಜೊತೆಗಾರ ಬಚ್ಚಿಡುವಂತಿಲ್ಲ, ಇದ್ದರೆ ಹಾಕಲೇಬೇಕು. ಕ್ಲೆಮೆ ಮತ್ತು ಲೋವ್ರೆ ಹುಡುಗರಾಗಿದ್ದಾಗಿನಿಂದ ಜೊತೆ. ಮಾತು ಬಿಟ್ಟ ಮೇಲೆ ಅವರ ಆಟ ಇನ್ನೂ ಸುಧಾರಿಸಿತು ಎಂದು ದಕ್ಕೆಯಲ್ಲಿ ಹೇಳುತ್ತಿದ್ದರು.

ನವೆಂಬರಿನ ಪ್ರವಾಸ ಹೂಡಿದ್ದು ನೆದಿಲ್ಕಾ. ಅವಳು ಟೊಂಕಾಳ ಗೆಳತಿ, ಗಂಡ ಸತ್ತ ಮೇಲೆ ಪ್ರವಾಸಿಗಳಿಗೆ ಕಯಾಕ್ ಬಾಡಿಗೆಗೆ ಕೊಟ್ಟು ಬದುಕುವವಳು. ಬೇಸಿಗೆಯಲ್ಲಿ ತನ್ನ ದೋಣಿ ತಾನೇ ಮುಟ್ಟಲು ಪುರಸೊತ್ತಿರುತ್ತಿರಲಿಲ್ಲ. ಕೊನೆಯ ಪ್ರವಾಸಿ ತೊಲಗಿ, ಸತ್ತವರ ಹಬ್ಬಕ್ಕೆ ಸ್ಮಶಾನದಲ್ಲಿ ಸೇವಂತಿಗೆ ಇಟ್ಟು ಬಂದ ಮೇಲೆ ನಾಲ್ವರೂ ಹೊರಡುವರು. ಇಬ್ಬರು ಕೂರುವ ಕಯಾಕ್ ಎರಡಿದ್ದವು. ಹೆಂಗಸರಿಗೆ ದಾರಿಯುದ್ದಕ್ಕೂ ಮಾತಾಡಬೇಕಿತ್ತು, ಹಾಗಾಗಿ ಅವರಿಬ್ಬರಿಗೆ ಒಂದು. ಮಾತು ಬೇಡದವರಿಗೆ ಇನ್ನೊಂದು.

ಟೊಂಕಾ ಮಾರ್ಚಿನಲ್ಲಿ ತೀರಿಕೊಂಡಳು. ಪೇಟೆಯ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಕ್ಲೆಮೆ ಬೆಳಗಿನಿಂದ ಅವಳ ಪಕ್ಕದಲ್ಲೇ ಕೂತಿದ್ದ. ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಿದ್ದೀರಿ, ತೆಗೆಯಿರಿ ಎಂದು ಕಾವಲುಗಾರ ಬಂದು ಹೇಳಿದ. ಕ್ಲೆಮೆ ಕೆಳಗಿಳಿದು, ಕಾರು ತೆಗೆದು, ಬೇರೆ ಜಾಗ ಹುಡುಕಿ, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಕೋಣೆಯಲ್ಲಿದ್ದವನು ಲೋವ್ರೆ ಒಬ್ಬನೇ. ಅವಳಿಗೆ ಎಚ್ಚರವಿತ್ತು, ತಮ್ಮನ ಜೊತೆ ಏನೋ ಮಾತಾಡುತ್ತಿದ್ದಳು ಎಂದು ನರ್ಸು ಹೇಳಿದಳು. ಏನು ಮಾತು ಎಂಬುದು ನರ್ಸಿಗೆ ಗೊತ್ತಿರಲಿಲ್ಲ.

ಆ ಮಾತೇನು ಎಂದು ತಿಳಿಯಬೇಕಿತ್ತು ಕ್ಲೆಮೆಗೆ. ಅದು ಬಿಟ್ಟರೆ ಈ ಲೋಕದಲ್ಲಿ ಅವನಿಗೆ ಬೇರೇನೂ ಬೇಕಿರಲಿಲ್ಲ. ಕೇಳಬೇಕಾದವನ ಹತ್ತಿರ ಮಾತಿಲ್ಲ, ಮಾತು ದಾಟಿಸುತ್ತಿದ್ದವಳು ಇಲ್ಲ. ಲೋವ್ರೆ ಭಾನುವಾರದ ಊಟಕ್ಕೆ ಬರುವುದನ್ನೂ ನಿಲ್ಲಿಸಿದ. ಇಸ್ಪೀಟಿನ ಮೇಜಿಗೂ ಬರಲಿಲ್ಲ. ಸತ್ತವರ ಹಬ್ಬಕ್ಕೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬೇರೆ ಬೇರೆ ಸೇವಂತಿಗೆ ಕುಂಡ ಇಟ್ಟು ಬಂದರು. ಅವು ಸಮಾಧಿಯ ಎರಡು ಮೂಲೆಯಲ್ಲಿದ್ದವು.

ಹಬ್ಬದ ಮಾರನೆಯ ದಿನ ನೆದಿಲ್ಕಾ ಕ್ಲೆಮೆಯ ಅಂಗಳಕ್ಕೆ ಬಂದಳು.

"ದೋಣಿಗಳನ್ನ ಮಾರಿಬಿಟ್ಟೆ. ನನ್ನ ಸೊಂಟಕ್ಕೆ ಇನ್ನಾಗಲ್ಲ. ಬರೋ ವಾರ ಬಂದು ತಗೊಂಡು ಹೋಗ್ತಾರೆ. ಅದಕ್ಕೆ ಮುಂಚೆ ಒಂದ್ಸಲ ಸೂಹಾಕ್ಕೆ ಹೋಗ್ಬರೋಣ."

"ಅವನು ಬರ್ತಾನಾ?"

"ಹೂಂ ಅಂದ. ಅವನೂ ಇದನ್ನೇ ಕೇಳ್ದ. ಈಗಲೇ ಹೇಳಿರ್ತೀನಿ ಕ್ಲೆಮೆ, ನಾನು ಟೊಂಕಾ ಅಲ್ಲ. ಅವನು ಹಂಗಂದ, ಇವನು ಹಿಂಗಂದ ಅಂತ ನಿಮ್ಮಿಬ್ಬರ ಮಧ್ಯೆ ಓಡಾಡೋಕೆ ನನ್ನ ಕೈಲಾಗಲ್ಲ."

ಇದು ಕೊನೆಯ ಅವಕಾಶ ಎಂದು ಕ್ಲೆಮೆಗೆ ಅರ್ಥವಾಯಿತು. ದೋಣಿ ಹೋದ ಮೇಲೆ ಲೋವ್ರೆಯ ಪಕ್ಕ ಕೂರಲು ಅವನಿಗೆ ಯಾವ ನೆಪವೂ ಉಳಿಯುತ್ತಿರಲಿಲ್ಲ.

ಹೊರಟ ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದಂತೆ ನುಣ್ಣಗಿತ್ತು. ಕ್ಲೆಮೆ ಸಾಮಾನು ತುಂಬುತ್ತ ಉತ್ತರಕ್ಕೆ ತಿರುಗಿ ನೋಡಿದ. ವೆಲೆಬಿತ್ ಬೆಟ್ಟದ ನೆತ್ತಿಯ ಮೇಲೆ ಬಿಳಿ ಮೋಡ ಟೋಪಿಯಂತೆ ಕೂತಿತ್ತು. ಬೆಟ್ಟ ಟೋಪಿ ಹಾಕಿತೆಂದರೆ ಮಾರನೆಯ ದಿನ ಬೂರಾ ಬೀಸುತ್ತದೆ. ಬೆಟ್ಟದಿಂದ ಇಳಿದು ಸಮುದ್ರದ ಮೇಲೆ ಬೀಳುವ ಆ ತಣ್ಣನೆ ಗಾಳಿಗೆ ಎದುರಾಗಿ ಕಯಾಕಿನಲ್ಲಿ ಊರಿಗೆ ಬರುವುದು ಸಾಧ್ಯವೇ ಇಲ್ಲ. ಪಕ್ಕದಲ್ಲಿ ಲೋವ್ರೆಯೂ ಅದೇ ಕಡೆ ನೋಡುತ್ತಿದ್ದ. ನೆದಿಲ್ಕಾ ಬೆಟ್ಟಕ್ಕೆ ಬೆನ್ನು ಹಾಕಿ ಹಗ್ಗ ಬಿಗಿಯುತ್ತಿದ್ದಳು. ಊರಿನ ಇಬ್ಬರು ಗಾಳಿಪಂಡಿತರು ಜೊತೆಗಿರುವಾಗ ತಾನು ಆಕಾಶ ನೋಡುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಗಾಳಿಯ ಮಾತು ಮೊದಲು ಎತ್ತಿದವನು ಹಳೆಯ ಜಗಳದ ಗಂಟು ತಾನೇ ಬಿಚ್ಚಿದಂತೆ, ಅಂದರೆ ಸೋತಂತೆ. ಇಷ್ಟು ವರ್ಷ ಕಾಯ್ದುಕೊಂಡದ್ದನ್ನು ಒಂದು ಮೋಡಕ್ಕಾಗಿ ಬಿಟ್ಟುಕೊಡುವ ಜಾಯಮಾನ ಇಬ್ಬರದೂ ಅಲ್ಲ. ಕ್ಲೆಮೆಗೆ ಇನ್ನೊಂದು ಯೋಚನೆಯೂ ಬಂತು: ಗಾಳಿ ಎದ್ದರೆ ಒಂದು ದಿನ ಹೆಚ್ಚು ಸಿಗುತ್ತದೆ. ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಟೆಂಟಿನ ಚೀಲವನ್ನು ದೋಣಿಯೊಳಗೆ ತುರುಕಿ ಮುಚ್ಚಳ ಹಾಕಿದ.

ನೆದಿಲ್ಕಾ ಒಬ್ಬರು ಕೂರುವ ಹಳದಿ ಕಯಾಕಿನಲ್ಲಿ ಮುಂದೆ ಹೋದಳು. ಹಿಂದೆ ಗಂಡಸರ ಜೋಡಿ ಕಯಾಕ್: ಮುಂದಿನ ಕುಳಿಯಲ್ಲಿ ಕ್ಲೆಮೆ, ಹಿಂದಿನ ಕುಳಿಯಲ್ಲಿ ಚುಕ್ಕಾಣಿ ತುಳಿಯುತ್ತ ಲೋವ್ರೆ. ಹುಟ್ಟುಗಳು ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಬೀಳುತ್ತಿದ್ದವು. ನೋಡಿದವರು ಇವರಷ್ಟು ಅನ್ಯೋನ್ಯವಾಗಿ ಬೇರೆ ಯಾರೂ ಇಲ್ಲ ಅಂದುಕೊಳ್ಳಬೇಕು. ಸಂಜೆಯ ಹೊತ್ತಿಗೆ ಕ್ಲೆಮೆ ನೀರಿಗೆ ಬಿಟ್ಟ ಗಾಳದ ದಾರಕ್ಕೆ ಸ್ಕ್ವಿಡ್ ಕಚ್ಚಿತು. ಮೇಲೆಳೆದಾಗ ಅದು ಹಿಂದಕ್ಕೆ ಮಸಿ ಉಗುಳಿ ಲೋವ್ರೆಯ ಮುಖವೆಲ್ಲ ಕಪ್ಪಾಯಿತು. ಲೋವ್ರೆ ಮುಖ ಒರೆಸಿಕೊಂಡು ಹುಟ್ಟು ಹಾಕಿದ. ಕ್ಲೆಮೆ ತಿರುಗಿ ನೋಡಲಿಲ್ಲ. ಮೊದಲೇ ದ್ವೀಪ ಸೇರಿ ದಡದಲ್ಲಿ ನಿಂತಿದ್ದ ನೆದಿಲ್ಕಾಳಿಗೆ ನಗು ತಡೆಯಲಾಗಲಿಲ್ಲ. ನಗುವುದಕ್ಕೆ ಟೊಂಕಾ ಪಕ್ಕದಲ್ಲಿಲ್ಲ ಎಂದು ನೆನಪಾಗಿ ಸುಮ್ಮನಾದಳು.

ಸೂಹಾದಲ್ಲಿ ಮನೆಗಳಿಲ್ಲ. ಟೊಂಕಾಳ ಅಪ್ಪ ನೆಟ್ಟ ಒಂದಿಷ್ಟು ಆಲಿವ್ ಮರ, ಅವುಗಳ ಸುತ್ತ ಎದೆಯೆತ್ತರದ ಒಣಕಲ್ಲಿನ ಗೋಡೆ. ಗೋಡೆಯ ಮರೆಯಲ್ಲೇ ಪ್ರತಿ ಸಲ ಟೆಂಟು. ಸ್ಕ್ವಿಡ್ ಸುಟ್ಟು, ಆಲಿವ್ ಎಣ್ಣೆ ಸುರಿದು, ಬ್ರೆಡ್ಡಿನ ಜೊತೆ ತಿಂದರು. ಕ್ಲೆಮೆ ಟೆಂಟಿನ ಜಿಪ್ಪನ್ನು ಕೊನೆಯವರೆಗೆ ಎಳೆದ. ನವೆಂಬರಿನ ಸಮುದ್ರದಲ್ಲಿ ಇಡೀ ದಿನ ಒದ್ದೆ ಅಂಗಿಯಲ್ಲಿ ಕೂತರೆ ಏನೂ ಆಗುವುದಿಲ್ಲ, ಆದರೆ ಟೆಂಟಿನ ಸಂದಿಯಿಂದ ಕತ್ತಿಗೆ ಗಾಳಿ ತಾಗಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮೂರಿನಲ್ಲಿ ಎಲ್ಲರೂ ನಂಬುತ್ತಾರೆ. ಲೋವ್ರೆ ತನ್ನ ಕಡೆಯ ಜಿಪ್ಪು ಎಳೆದುಕೊಂಡ. ಈ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಬೆಳಿಗ್ಗೆ ಬೂರಾ ಎದ್ದಿತ್ತು. ಆಕಾಶ ತೊಳೆದಿಟ್ಟಂತೆ ಸ್ವಚ್ಛ, ಸಮುದ್ರದ ಮೇಲೆ ಬಿಳಿ ನೊರೆ ಹೊಗೆಯಂತೆ ಓಡುತ್ತಿತ್ತು. ನೆದಿಲ್ಕಾ ತನ್ನ ಟೆಂಟಿನಿಂದ ತಲೆ ಹೊರಹಾಕಿ ಬೆಟ್ಟ ನೋಡಿದಳು, ಆಮೇಲೆ ಇವರಿಬ್ಬರನ್ನು ನೋಡಿದಳು.

"ನಿನ್ನೆ ಬೆಟ್ಟ ಟೋಪಿ ಹಾಕಿತ್ತಾ?"

"ಹಾಕಿತ್ತು," ಎಂದ ಕ್ಲೆಮೆ, ನೆದಿಲ್ಕಾಳಿಗೆ.

"ನಾನೂ ನೋಡ್ದೆ," ಎಂದ ಲೋವ್ರೆ. ಅವನೂ ನೆದಿಲ್ಕಾಳಿಗೇ ಹೇಳಿದ.

"ಇಬ್ರೂ ನೋಡಿದ್ರಿ. ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ದೋಣಿ ಹತ್ತಿದ್ರಿ. ಮುಳುಗ್ತಾ ಇದ್ರೂ ಒಬ್ಬನಿಗೊಬ್ಬ ಹೇಳಲ್ಲ ನೀವು. ಗಂಡ ಸತ್ತಾಗ ಅಂದ್ಕೊಂಡಿದ್ದೆ, ಅಳೋದು ಹೆಂಗೂ ಇದೆ, ಗಂಡಸರ ಜೊತೆ ಏಗೋದಾದ್ರೂ ತಪ್ಪಿತು ಅಂತ." ಅವಳು ಕಾಫಿ ಪಾತ್ರೆಯನ್ನೂ ಕಾಫಿಪುಡಿಯನ್ನೂ ಕಂಕುಳಿಗೆ ಇರುಕಿಕೊಂಡಳು. "ನಾನು ಆ ಕಡೆ ದಡಕ್ಕೆ ಹೋಗಿ ಕೂತ್ಕೋತೀನಿ. ನಿಮ್ಮ ಮುಖ ನೋಡೋದಕ್ಕಿಂತ ಗಾಳಿ ವಾಸಿ."

ಕಾಫಿಯೂ ಇಲ್ಲದೆ ಇಬ್ಬರೂ ಗೋಡೆಯ ಮರೆಯಲ್ಲಿ ಉಳಿದರು. ಸ್ವಲ್ಪ ಹೊತ್ತು ಲೋವ್ರೆ ಒಣ ಅಂಜೂರ ತಿಂದ. ಸ್ವಲ್ಪ ಹೊತ್ತು ಕ್ಲೆಮೆ ತಿಂದ. ಆಮೇಲೆ ಲೋವ್ರೆ ಜೇಬಿನಿಂದ ಇಸ್ಪೀಟು ತೆಗೆದ. ಇಬ್ಬರೇ ಇದ್ದಾಗ ತ್ರೆಶೆಟಾ ಆಡುವುದಕ್ಕೆ ಒಂದು ಬಡ ಕ್ರಮವಿದೆ. ಅದರಲ್ಲಿ ಜೊತೆಗಾರನಿರುವುದಿಲ್ಲ, ಇರುವವನೊಬ್ಬ ಎದುರಾಳಿ. ಸನ್ನೆಗೆ ಅಲ್ಲಿ ಕೆಲಸವಿಲ್ಲ. ಜೋಡಿ ಕಯಾಕನ್ನು ಬೋರಲು ಹಾಕಿ ಅದನ್ನೇ ಮೇಜು ಮಾಡಿಕೊಂಡರು. ಗೋಡೆ ದಾಟಿ ಬರುವ ಒಂದೊಂದು ಬೀಸಿಗೆ ಎಲೆಗಳು ಹಾರದಂತೆ ಮೇಲೆ ಕಲ್ಲುಗಳನ್ನಿಟ್ಟರು. ಕ್ಲೆಮೆಯ ಮುಂದೆ ಇದ್ದದ್ದು ಅವನೇ ಹಿಂದೊಮ್ಮೆ ಒಡಕು ಮುಚ್ಚಿದ ಜಾಗ. ಆ ತೇಪೆ ಹಾಕುವಾಗ ಟೊಂಕಾ ಪಕ್ಕದಲ್ಲಿ ನಿಂತು, ತಮ್ಮ ಹೇಳಿ ಕಳಿಸಿದ ಏನೋ ಒಂದು ಬೈಗುಳವನ್ನು ಅಕ್ಷರ ಬಿಡದೆ ಒಪ್ಪಿಸಿದ್ದಳು.

ಕ್ಲೆಮೆಗೆ ಎಲೆಗಳು ಕಾಣಿಸುತ್ತಿರಲಿಲ್ಲ. ಬಾಯಿ ತೆರೆಯಬೇಕು ಅಂದುಕೊಂಡ. ನಾಲಿಗೆ ಏಳಲಿಲ್ಲ. ಹಟವೇ ಆಗಿದ್ದರೆ ಮುರಿಯುತ್ತಿದ್ದನೇನೋ. ಈಗ ಅದು ಭಯವಾಗಿತ್ತು. ಕೇಳಿದರೆ ಲೋವ್ರೆ ಎದ್ದು ಹೋಗಬಹುದು. ಇಲ್ಲವೇ, ಅವಳು ಏನೂ ಹೇಳಲಿಲ್ಲ ಅಂದುಬಿಡಬಹುದು.

ಅವನು ಒಂದು ಎಲೆ ಇಟ್ಟ. ಮೇಲೆ ಕಲ್ಲಿಡಲಿಲ್ಲ. ಗೆಣ್ಣಿನಿಂದ ದೋಣಿಯ ತಳವನ್ನು ಒಮ್ಮೆ ತಟ್ಟಿದ.

ಟೊಳ್ಳು ದೋಣಿ, ಸದ್ದು ಜೋರಾಗಿಯೇ ಬಂತು. ಎಲೆ ಹಾರಿ ಮುಳ್ಳಿನ ಪೊದೆಗೆ ಸಿಕ್ಕಿಕೊಂಡಿತು. ಲೋವ್ರೆ ಅದನ್ನು ನೋಡಲಿಲ್ಲ. ಕ್ಲೆಮೆಯ ಗೆಣ್ಣುಗಳನ್ನೇ ನೋಡುತ್ತಿದ್ದ. ಎದುರಾಳಿಗೆ ಯಾರೂ ತಟ್ಟುವುದಿಲ್ಲ. ತಟ್ಟುವುದು ಜೊತೆಗಾರನಿಗೆ.

ಅವನು ಕೈಯಲ್ಲಿದ್ದ ಎಲೆಗಳನ್ನು ಒಟ್ಟುಮಾಡಿ ತೊಡೆಯ ಕೆಳಗಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ.

"ನೀನು ಕಾರು ತೆಗೆಯೋಕೆ ಹೋದೆ," ಎಂದ.

ಆ ದನಿಯನ್ನು ಕ್ಲೆಮೆ ಪ್ರತಿ ಭಾನುವಾರ ಕೇಳಿದ್ದ. ಅದು ತನ್ನ ಕಡೆಗೇ ಬಂದಾಗ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಅಕ್ಕ ನೀರು ಕೇಳಿದ್ಲು. ಕೊಟ್ಟೆ. ಸುಮ್ನೆ ಕೂತಿದ್ದೆ. ಅವಳಿಗೆ ಸಂತೋಷ ಆಗಲಿ ಅಂತ ಒಂದು ಮಾತು ಹೇಳ್ದೆ. ಅಕ್ಕಾ, ಭಾವನಿಗೆ ಹೇಳು, ಅವತ್ತು ಬಂದಿದ್ದು ಜೂಗೊ ಅಲ್ಲ ಅಂತ."

"ನನಗೆ ಗೊತ್ತಿತ್ತು," ಎಂದ ಕ್ಲೆಮೆ. ಇಷ್ಟು ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡ. "ಅದಕ್ಕೆ ಏನಂದ್ಲು?"

"ನೀನೇ ಹೇಳು, ಅಂದ್ಲು."

"ಆಮೇಲೆ?"

"ಆಮೇಲೆ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದ್ಲು. ಅಷ್ಟೇ. ನಿದ್ದೆ ಅಂದ್ಕೊಂಡೆ ನಾನು."

ಆ ಕೊನೆಯ ಮಾತನ್ನು ಕ್ಲೆಮೆ ಇಷ್ಟು ದಿನ ಮನಸ್ಸಿನಲ್ಲೇ ಬಗೆಬಗೆಯಾಗಿ ಕಟ್ಟಿಕೊಂಡಿದ್ದ. ತನ್ನ ಹೆಸರು ಕರೆದಿರಬಹುದು. ಎಲ್ಲಿ ಹೋದ ಎಂದು ಕೇಳಿರಬಹುದು. ಸೋರುವ ನಲ್ಲಿಯ ವಿಚಾರವಾದರೂ ಎತ್ತಿರಬಹುದು. 'ನೀನೇ ಹೇಳು' ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ತನ್ನ ಹೆಸರು ಅದರಲ್ಲಿಲ್ಲವಲ್ಲ ಎಂದು ಮೊದಲು ಅವನಿಗೆ ನೋವಾಯಿತು. ಆಮೇಲೆ ಅದು ಅವಳದೇ ದನಿಯಲ್ಲಿ ಕಿವಿಗೆ ಬಿತ್ತು, ಊಟದ ಮೇಜಿನಲ್ಲಿ ಎಡಗಡೆಗೂ ಬಲಗಡೆಗೂ ತಿರುಗುತ್ತಿದ್ದ ಆ ದನಿಯಲ್ಲಿ.

"ಹೇಗೆ ಹೇಳಿದ್ಲು? ಸಿಟ್ಟು ಮಾಡ್ಕೊಂಡಾ?"

"ಸಿಟ್ಟಿರಲಿಲ್ಲ. ಸುಸ್ತಾಗಿತ್ತು ಅವಳಿಗೆ. ಒಂಚೂರು ನಕ್ಕಳು ಅನ್ಸುತ್ತೆ. ಆಣೆ ಮಾಡಿ ಹೇಳು ಅಂದ್ರೆ ಆಗಲ್ಲ."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

ಲೋವ್ರೆ ಅವನನ್ನು ಬೆರಗಿನಿಂದ ನೋಡಿದ. "ಹೆಂಗೆ ಹೇಳ್ಲಿ ಭಾವಾ? ನಾವು ಮಾತು ಬಿಟ್ಟಿದ್ವಲ್ಲ. ನಿಮ್ಮನೆ ಬಾಗಿಲ ತನಕ ಎಷ್ಟು ಸಲ ಬಂದೆ ಗೊತ್ತಾ. ಅಲ್ಲಿ ನಿಂತಾಗ, ಅಕ್ಕಾ ಇವನಿಗೆ ಹೇಳು ಅಂತ್ಲೇ ಬಾಯಿಗೆ ಬರೋದು. ವಾಪಸು ಹೋಗ್ತಿದ್ದೆ."

ಕ್ಲೆಮೆಗೆ ಅಳು ಬಂತು. ಬೂರಾ ಬೀಸುವಾಗ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಅದು ಸಾಮಾನ್ಯ. ಆದರೆ ಅವರು ಗೋಡೆಯ ಮರೆಯಲ್ಲಿದ್ದರು. ಲೋವ್ರೆ ಎದ್ದುಹೋಗಿ ಪೊದೆಯಿಂದ ಎಲೆ ಬಿಡಿಸಿಕೊಂಡು ಬರುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಬಂದವನ ಕಣ್ಣೂ ಕೆಂಪಾಗಿತ್ತು. ಅವನು ಗಾಳಿಗೆ ಹೋಗಿ ಬಂದವನಾದ್ದರಿಂದ ಅವನದ್ದನ್ನು ಖಚಿತವಾಗಿ ಹೇಳುವಂತಿಲ್ಲ.

ಕಾಫಿ ಪಾತ್ರೆ ಹಿಡಿದುಕೊಂಡು ನೆದಿಲ್ಕಾ ವಾಪಸು ಬಂದಾಗ ಇಬ್ಬರೂ ಜೋರಾಗಿ ಮಾತಾಡುತ್ತಿದ್ದರು. ಗಾಳಿ ಸಂಜೆಗೇ ಇಳಿಯುತ್ತದೆ ಎಂದು ಕ್ಲೆಮೆ. ನಾಳೆ ಬೆಳಕು ಹರಿಯುವ ತನಕ ಅಲುಗುವುದಿಲ್ಲ ಎಂದು ಲೋವ್ರೆ. ದೋಣಿಯ ಅಂಡಿನ ವಿಚಾರವೂ ಡೀಸೆಲ್ ವಾಸನೆಯ ವಿಚಾರವೂ ಮತ್ತೆ ಬಂದುಹೋದವು. ನೆದಿಲ್ಕಾ ಕೇಳಿಸಿಕೊಳ್ಳುತ್ತ ನಿಂತಳು. ಏನಾಯಿತು ಎಂದು ಕೇಳಲಿಲ್ಲ. ಕಾಫಿಗೆ ನೀರಿಟ್ಟು, ಅವರಿಗೆ ಬೆನ್ನು ಮಾಡಿ ಕೂತಳು. ಅವಳ ಭುಜ ಅಲುಗುತ್ತಿತ್ತು.

ಗಾಳಿ ಇಳಿದದ್ದು ರಾತ್ರಿ, ಎಲ್ಲರೂ ಮಲಗಿದ್ದಾಗ. ಯಾವ ಹೊತ್ತಿನಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ತಮ್ಮದೇ ಸರಿ ಎಂದು ಇಬ್ಬರೂ ಈಗಲೂ ಹೇಳುತ್ತಾರೆ.

ದೋಣಿ ಕೊಂಡವರು ಗುರುವಾರ ಬಂದು ಎಲ್ಲ ಕಯಾಕುಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಜೋಡಿ ಕಯಾಕಿನ ತೇಪೆಯನ್ನು ಕ್ಲೆಮೆ ಒಮ್ಮೆ ಕೈಯಿಂದ ಸವರಿದ. ಭಾನುವಾರ ಅವನು ಮೀನಿನ ಸಾರು ಮಾಡಿ ಮೇಜಿನ ಮೇಲೆ ಎರಡು ತಟ್ಟೆ ಇಟ್ಟ. ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದ. ಲೋವ್ರೆ ಕ್ಷೌರ ಮಾಡಿಸಿಕೊಂಡು ಬಂದಿದ್ದ. ತನ್ನ ಜಾಗದಲ್ಲಿ ಕೂತು, ನಡುವಿನ ಕುರ್ಚಿಯನ್ನು ಒಮ್ಮೆ ನೋಡಿ, ಒಂದು ಚಮಚ ಸಾರು ಬಾಯಿಗಿಟ್ಟುಕೊಂಡ.

"ಉಪ್ಪು ಕಡಿಮೆ," ಎಂದ. ಕ್ಲೆಮೆಗೇ ಹೇಳಿದ.